ಒಂದು ಲಾಕೋ, ಅರವತ್ತನಾಲ್ಕೋ?

ಕಳೆದ ಸಂಚಿಕೆಯಲ್ಲಿ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬಗ್ಗೆ ಎರಡು ಸಾಲು ಬರೆದದ್ದೇ ನೆಪವಾಗಿ ಹಾಸನ ಜಿಲ್ಲೆಯ ಓದುಗರಿಂದ ಒಂದರ ಹಿಂದೆ ಒಂದು ಪತ್ರಗಳು ಬಂದಿವೆ. ಹೆಚ್ಚುಕಮ್ಮಿ ಎಲ್ಲವೂ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತವೆ: ಹಲವು ಪ್ರೊಸೆಸರ್‌ಗಳು ಒಟ್ಟಿಗೆ ಕೈಹಾಕುವ ಹ್ಯಾಶ್ ಟೇಬಲ್‌ಗೆ ಲಾಕ್ ಹಾಕುವುದು ಹೇಗೆ, ಹಾಕಿದ್ದನ್ನು ಬದಲಾಯಿಸುವುದು ಹೇಗೆ. ಬೇರೆ ಪತ್ರಗಳನ್ನು ಮುಂದಿನ ಸಲಕ್ಕೆ ಇಟ್ಟು ಈ ಸಲ ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಹಬ್ಬಕ್ಕೆ ಊರಿಗೆ ಬಂದಾಗ "ಏನಪ್ಪಾ ಕೆಲಸ ಈಗ?" ಎಂದು ಕೇಳಿದೆ. "ಕರ್ನಲ್‌ನಲ್ಲಿ ಒಂದು ಹ್ಯಾಶ್ ಟೇಬಲ್‌ನ ಲಾಕ್‌ಗಳನ್ನ ರೀಫ್ಯಾಕ್ಟರ್ ಮಾಡ್ತಿದೀನಿ ಅಣ್ಣ, ಮುಗಿದ ಮೇಲೆ ಹೊರಗಿನಿಂದ ನೋಡಿದ್ರೆ ಏನೂ ಬದಲಾಗಿರಲ್ಲ" ಅಂದ. ತಿಂಗಳುಗಟ್ಟಲೆ ದುಡಿದು ಏನೂ ಬದಲಾಗದ ಕೆಲಸಕ್ಕೂ ಸಂಬಳ ಕೊಡುತ್ತಾರೆಯೇ? ಹ್ಯಾಶ್ ಟೇಬಲ್ ಎಂದರೇನು ಎಂಬುದನ್ನೂ ಸ್ವಲ್ಪ ತಿಳಿಸಿ.
ನಿವೃತ್ತ ಹೈಸ್ಕೂಲ್ ಶಿಕ್ಷಕರು, ನುಗ್ಗೇಹಳ್ಳಿ

ಉತ್ತರ: ಕೊಡುತ್ತಾರೆ ಮೇಷ್ಟ್ರೇ, ಚೆನ್ನಾಗಿಯೇ ಕೊಡುತ್ತಾರೆ. ನಿಮ್ಮ ಮಗ ಹೇಳಿದ್ದು ಸರಿ. ರೀಫ್ಯಾಕ್ಟರಿಂಗ್ ಎಂದರೆ ಪ್ರೋಗ್ರಾಮ್ ಕೊಡುವ ಉತ್ತರ ಹಾಗೆಯೇ ಉಳಿಯಬೇಕು, ಒಳಗಿನ ಏರ್ಪಾಡು ಮಾತ್ರ ಬದಲಾಗಬೇಕು.

ಹ್ಯಾಶ್ ಟೇಬಲ್‌ಗೆ ನಿಮ್ಮ ಶಾಲೆಯ ಆಫೀಸನ್ನೇ ತೆಗೆದುಕೊಳ್ಳೋಣ. ಹಳೆಯ ವಿದ್ಯಾರ್ಥಿಗಳ ದಾಖಲೆಗಳೆಲ್ಲ ಒಂದು ದೊಡ್ಡ ಬೀರುವಿನಲ್ಲಿವೆ, ಅದರಲ್ಲಿ 64 ಗೂಡುಗಳು. ಟಿ.ಸಿ. ಕೇಳಿಕೊಂಡು ಬಂದವನ ಹೆಸರಿನ ಅಕ್ಷರಗಳ ಮೇಲೆ ಒಂದು ಪುಟ್ಟ ಲೆಕ್ಕ ಮಾಡಿದರೆ ಗೂಡಿನ ನಂಬರ್ ಬರುತ್ತದೆ. ನೇರ ಆ ಗೂಡಿಗೆ ಕೈಹಾಕಿ ಅಲ್ಲಿರುವ ನಾಲ್ಕಾರು ಹಾಳೆ ತಿರುವಿದರೆ ಸಾಕು, ಇಡೀ ಬೀರು ಜಾಲಾಡಬೇಕಿಲ್ಲ. ಆ ಲೆಕ್ಕವೇ ಹ್ಯಾಶ್, ಆ ಗೂಡೇ ಬಕೆಟ್. ಗುಮಾಸ್ತ ಒಬ್ಬನೇ ಇದ್ದರೆ ತಕರಾರಿಲ್ಲ. ಎಂಟು ಜನ ಇದ್ದು, ಒಬ್ಬ ಹಾಳೆ ಓದುತ್ತಿರುವಾಗಲೇ ಇನ್ನೊಬ್ಬ ಅದನ್ನು ಹೊರಗೆಳೆದರೆ ರಗಳೆ. ಅದಕ್ಕೆ ಇಡೀ ಬೀರುವಿಗೆ ಒಂದು ಬೀಗ, ಒಂದೇ ಕೀಲಿಕೈ ಮಾಡುತ್ತಾರೆ. ಸುರಕ್ಷಿತವೇನೋ ಹೌದು, ಆದರೆ ಏಳು ಜನ ಕೈಕಟ್ಟಿ ನಿಲ್ಲಬೇಕು. ಗೂಡಿಗೊಂದು ಬೀಗ ಹಾಕಿದರೆ ಎಂಟೂ ಜನ ಕೆಲಸ ಮಾಡಬಹುದು. ಇಬ್ಬರಿಗೂ ಒಂದೇ ಗೂಡು ಬೇಕಾದಾಗ ಮಾತ್ರ ಒಬ್ಬ ಕಾಯುತ್ತಾನೆ.

ಕರ್ನಲ್‌ನಲ್ಲಿ ಕಾಯುವುದು ಇನ್ನೂ ದುಬಾರಿ. ಅಲ್ಲಿ ಹೆಚ್ಚಾಗಿ ಬಳಸುವುದು ಸ್ಪಿನ್‌ಲಾಕ್. ಲಾಕ್ ಸಿಗದ ಪ್ರೊಸೆಸರ್ ಬೇರೆ ಕೆಲಸಕ್ಕೆ ಹೋಗುವುದಿಲ್ಲ, ಸಿಕ್ಕಿತೇ ಸಿಕ್ಕಿತೇ ಎಂದು ಅದೇ ಜಾಗ ನೋಡುತ್ತ ಗಿರಕಿ ಹೊಡೆಯುತ್ತದೆ, ಕರೆಂಟು ಉರಿಸುತ್ತ. ಹತ್ತಾರು ಪ್ರೊಸೆಸರ್‌ಗಳ ಯಂತ್ರ ಕೊಂಡವರು ಇದನ್ನು ಸಹಿಸುವುದಿಲ್ಲ, ನಿಮ್ಮ ಮಗನ ಸಂಬಳ ಬರುವುದು ಅಲ್ಲಿಂದ. 1996ರ ಲಿನಕ್ಸ್ 2.0ರಲ್ಲಿ ಇಡೀ ಕರ್ನಲ್‌ಗೆ ಒಂದೇ ದೊಡ್ಡ ಲಾಕ್ ಇತ್ತು. ಅದರ ಕೊನೆಯ ಕುರುಹನ್ನು ಕಿತ್ತುಹಾಕಿದ್ದು 2011ರಲ್ಲಿ, 2.6.39ನೇ ಆವೃತ್ತಿಯಲ್ಲಿ. ಹದಿನೈದು ವರ್ಷ ನಡೆದ ಈ ಕೆಲಸದಲ್ಲೂ ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿರಲಿಲ್ಲ.

ಪ್ರಶ್ನೆ: ಕರ್ನಲ್ ಒಳಗಿನ ಇಂಥ ಕೆಲಸವೆಲ್ಲ ಅಮೆರಿಕ, ಯುರೋಪಿನವರದ್ದು, ನಮ್ಮ ಕಡೆಯವರು ಬರೀ ಸರ್ವಿಸ್ ಕೆಲಸ ಮಾಡುವವರು ಎಂದು ನನ್ನ ಸಹೋದ್ಯೋಗಿ ವಾದಿಸುತ್ತಾರೆ. ನಿಜವೇ?
ಪಿ.ಯು. ಉಪನ್ಯಾಸಕಿ, ಚನ್ನರಾಯಪಟ್ಟಣ

ಉತ್ತರ: ನಿಮ್ಮ ಸಹೋದ್ಯೋಗಿಗೆ ಡಿ-ಕ್ಯಾಶ್‌ನ ಕಥೆ ಹೇಳಿ. ನೀವು ಯಾವುದೇ ಫೈಲ್ ತೆರೆದಾಗ ಕರ್ನಲ್ ಅದರ ದಾರಿಯನ್ನು ಒಂದೊಂದೇ ಹೆಸರಾಗಿ ಬಿಡಿಸುತ್ತದೆ: ಮೊದಲು ಮೂಲ ಫೋಲ್ಡರ್, ಅದರೊಳಗೆ ಹೋಮ್, ಅದರೊಳಗೆ ನಿಮ್ಮ ಹೆಸರು, ಹೀಗೆ. ಪ್ರತಿ ಹೆಸರಿಗೂ ಡಿಸ್ಕ್‌ಗೆ ಹೋಗಿ ಬರುವಂತಿಲ್ಲವಲ್ಲ, ಅದಕ್ಕಾಗಿ ಮೆಮೊರಿಯಲ್ಲೇ ಒಂದು ಹ್ಯಾಶ್ ಟೇಬಲ್ ಇದೆ. ಅದೇ ಡಿ-ಕ್ಯಾಶ್. ಕರ್ನಲ್‌ನಲ್ಲಿ ಇದರಷ್ಟು ಓದುವವರ ಕಾಟ ಇರುವ ಟೇಬಲ್‌ಗಳು ಕಡಿಮೆ.

ಈ ಟೇಬಲ್‌ಗೆ ಒಂದೇ ಲಾಕ್ ಇತ್ತು, ಹೆಸರು ಡಿಕ್ಯಾಶ್-ಲಾಕ್. 2.5.10ನೇ ಆವೃತ್ತಿಗಿಂತ ಮೊದಲು ದಾರಿಯ ಪ್ರತಿಯೊಂದು ಹೆಸರಿಗೂ ಅದನ್ನು ಹಿಡಿದು ಬಿಡಬೇಕಿತ್ತು. 2.5.10ರಲ್ಲಿ ಒಂದು ಸುಧಾರಣೆ ತಂದರು: ಒಂದೇ ಸಲ ಹಿಡಿದು, ಮೆಮೊರಿಯಲ್ಲಿ ಸಿಗುವಷ್ಟು ಹೆಸರುಗಳನ್ನು ದಾಟಿ, ಆಮೇಲೆ ಬಿಡುವುದು. ಹಿಡಿಯುವ ಸಲಗಳು ಕಡಿಮೆಯಾದವು, ಆದರೆ ಪ್ರತಿ ಸಲ ಹಿಡಿದಿಟ್ಟುಕೊಳ್ಳುವ ಹೊತ್ತು ಹೆಚ್ಚಾಯಿತು. ದೊಡ್ಡ ಯಂತ್ರಗಳಲ್ಲಿ ಮತ್ತೆ ಅದೇ ಗೋಳು. ಲಾಕ್ ಕೆಲಸದಲ್ಲಿ ಇದು ಪದೇ ಪದೇ ಆಗುವಂಥದ್ದು: ಒಂದು ಲೆಕ್ಕ ಇಳಿಸಿದರೆ ಇನ್ನೊಂದು ಏರುತ್ತದೆ.

ಆಗ ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ಬೆಂಗಳೂರು ತಂಡದಲ್ಲಿದ್ದ ದೀಪಂಕರ್ ಶರ್ಮಾ ಮತ್ತು ಮನೀಶ್ ಸೋನಿ ಬೇರೆ ದಾರಿ ಹಿಡಿದರು. ಓದುವವರು ಲಾಕ್ ಹಿಡಿಯಲೇಬಾರದು ಎಂಬುದು ಅವರ ಪಟ್ಟು. ಅದಕ್ಕೆ ಬಳಸಿದ್ದು ಆರ್‌ಸಿಯು ಎಂಬ ತಂತ್ರ. ಅದರ ಮೂಲ ಕೆಲಸದಲ್ಲಿ ದೊಡ್ಡ ಹೆಸರು ಪಾಲ್ ಮೆಕೆನ್ನಿ ಅವರದ್ದು. ಲಿನಕ್ಸ್‌ಗೆ ಅದು ಸೇರಿದ್ದು 2002ರ ಅಕ್ಟೋಬರ್‌ನಲ್ಲಿ, 2.5.43ರಲ್ಲಿ, ಅದನ್ನು ಅಲ್ಲಿಗೆ ಮುಟ್ಟಿಸಿದ ಪ್ಯಾಚ್‌ಗಳ ಹಿಂದೆ ಶರ್ಮಾ ಇದ್ದರು. ಅದೇ ವರ್ಷ ಕೆನಡಾದ ಒಟ್ಟಾವಾದಲ್ಲಿ ನಡೆದ ಲಿನಕ್ಸ್ ಸಮ್ಮೇಳನಕ್ಕೆ ಹಾನಾ ಲಿಂಡರ್ ಜತೆ ಈ ಇಬ್ಬರೂ ಡಿ-ಕ್ಯಾಶ್ ಬಗ್ಗೆ ಪ್ರಬಂಧ ಬರೆದಿದ್ದರು. 2.5.62ರಿಂದ ಡಿ-ಕ್ಯಾಶ್‌ನಲ್ಲಿ ಹೆಸರು ಹುಡುಕುವುದಕ್ಕೆ ಆ ದೊಡ್ಡ ಲಾಕ್ ಬೇಡವಾಯಿತು.

ಅಲ್ಲಿಗೆ ಮುಗಿಯಲಿಲ್ಲ. ಸೇರಿಸುವವರು, ತೆಗೆಯುವವರು ಅದೇ ಲಾಕ್‌ಗೆ ಗುದ್ದಾಡುತ್ತಲೇ ಇದ್ದರು. ಓದುವವರು ಕೂಡ ದಾರಿಯಲ್ಲಿ ಸಿಗುವ ಪ್ರತಿ ಹೆಸರಿನ ಬಳಕೆ-ಎಣಿಕೆ ಏರಿಸಿ ಇಳಿಸಬೇಕಿತ್ತು. ಆಸ್ಟ್ರೇಲಿಯಾದ ನಿಕ್ ಪಿಗ್ಗಿನ್ 2011ರ ಮಾರ್ಚ್‌ನಲ್ಲಿ ಬಂದ 2.6.38ರಲ್ಲಿ ಡಿಕ್ಯಾಶ್-ಲಾಕ್ ಅನ್ನು ಪೂರ್ತಿ ತೆಗೆದುಹಾಕಿದರು. ಯಾರ ಕೆಲಸ ಹೆಚ್ಚು, ಯಾರದ್ದು ಕಡಿಮೆ ಎಂದು ತೂಗುವುದು ನನಗೆ ಬೇಕಿಲ್ಲ. ಆದರೆ ಕರ್ನಲ್‌ನ ಅತಿ ಬಿಸಿ ಹಾದಿಯೊಂದರಿಂದ ಲಾಕ್ ತೆಗೆದ ಕೆಲಸದಲ್ಲಿ ಬೆಂಗಳೂರಿನ ಪಾಲಿದೆ, ಅದೂ ದೊಡ್ಡ ಪಾಲು. ಹಳೆಯ ಕರ್ನಲ್ ದಾಖಲೆಗಳಲ್ಲಿ ಅವರ ಹೆಸರು ಈಗಲೂ ಸಿಗುತ್ತದೆ.

ಪ್ರಶ್ನೆ: ಸರ್, ಫೈನಲ್ ಇಯರ್ ಪ್ರಾಜೆಕ್ಟ್‌ಗೆ ನಾನೊಂದು ಹ್ಯಾಶ್ ಟೇಬಲ್ ಬರೆದಿದ್ದೇನೆ. ಮೊದಲು ಒಂದೇ ಲಾಕ್ ಇತ್ತು. ಗೈಡ್ ಹೇಳಿದರೆಂದು ಬಕೆಟ್‌ಗೊಂದರಂತೆ 64 ಲಾಕ್ ಮಾಡಿದೆ. ವೇಗ ಏರಲೇ ಇಲ್ಲ, ಕೆಲವು ಟೆಸ್ಟ್‌ಗಳಲ್ಲಿ ಇಳಿದಿದೆ. ಪ್ರತಿ ಸೇರ್ಪಡೆಗೂ ಒಟ್ಟು ಎಷ್ಟಿದೆ ಎಂಬ ಕೌಂಟರ್ ಕೂಡ ಏರಿಸುತ್ತೇನೆ. ಎಲ್ಲಿ ತಪ್ಪಿದೆ?
ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಉತ್ತರವನ್ನು ನೀವೇ ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಿ. ಲಾಕ್ 64 ಆದರೂ ಕೌಂಟರ್ ಒಂದೇ. ಎಲ್ಲ ಥ್ರೆಡ್‌ಗಳೂ ಬಕೆಟ್ ಲಾಕ್ ದಾಟಿ ಬಂದು ಆ ಒಂದು ಕೌಂಟರ್ ಹತ್ತಿರ ಗುಂಪು ಸೇರುತ್ತಿವೆ. ಆ ಕೌಂಟರ್ ಇರುವ ಕ್ಯಾಶ್ ಲೈನ್ (ಪ್ರೊಸೆಸರ್ ಮೆಮೊರಿಯನ್ನು ಒಂದೇ ಸಲಕ್ಕೆ ಎತ್ತಿಕೊಳ್ಳುವ ತುಣುಕು) ಒಂದು ಕೋರ್‌ನಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರುತ್ತದೆ. ಅಟಾಮಿಕ್ ಮಾಡಿದರೂ ಓಡಾಟ ತಪ್ಪದು. ಒಟ್ಟು ಎಣಿಕೆ ಅಪರೂಪಕ್ಕೆ ಬೇಕಿದ್ದರೆ ಥ್ರೆಡ್‌ಗೊಂದು ಕೌಂಟರ್ ಇಟ್ಟು ಬೇಕಾದಾಗ ಕೂಡಿಸಿಕೊಳ್ಳಿ. ಟೇಬಲ್ ದೊಡ್ಡದು ಮಾಡುವ ಸಮಯ ಬಂತೇ ಎಂದು ಪ್ರತಿ ಸಲ ನೋಡಬೇಕಿದ್ದರೆ ಒಂದೇ ಎಣಿಕೆ ಇಡಬೇಕಾಗುತ್ತದೆ. ಲಿನಕ್ಸ್‌ನಲ್ಲಿರುವ, ತಾನೇ ಬೆಳೆಯುವ ಆರ್-ಹ್ಯಾಶ್‌ಟೇಬಲ್ ಎಂಬ ಹ್ಯಾಶ್ ಟೇಬಲ್ ಕೂಡ ಹಾಗೆಯೇ ಇಟ್ಟುಕೊಂಡಿದೆ.

ಎರಡನೆಯ ಅನುಮಾನ ಲಾಕ್‌ಗಳ ಜೋಡಣೆಯ ಮೇಲೆ. ಸ್ಪಿನ್‌ಲಾಕ್ ಒಂದಕ್ಕೆ 4 ಬೈಟ್ ಎಂದರೂ 64 ಲಾಕ್‌ಗಳು 256 ಬೈಟ್‌ನಲ್ಲಿ ಮುಗಿಯುತ್ತವೆ, ಅಂದರೆ ಸಾಮಾನ್ಯ ಲ್ಯಾಪ್‌ಟಾಪ್‌ನ 64 ಬೈಟ್ ಕ್ಯಾಶ್ ಲೈನ್ ಲೆಕ್ಕದಲ್ಲಿ ನಾಲ್ಕೇ ಲೈನ್. ಬೇರೆ ಬೇರೆ ಲಾಕ್ ಹಿಡಿಯುವ ಇಬ್ಬರೂ ಒಂದೇ ಲೈನ್‌ಗೆ ಕಿತ್ತಾಡುತ್ತಾರೆ. ಪ್ರತಿ ಲಾಕನ್ನೂ ಅದರದೇ ಲೈನ್‌ನಲ್ಲಿ ಕೂರಿಸಬಹುದು, ಜಾಗ 4096 ಬೈಟ್ ಆಗುತ್ತದೆ.

ಆದರೆ ಇದನ್ನೇ ದೊಡ್ಡ ರೋಗವೆಂದು ಅಳತೆ ಮಾಡದೆ ನಂಬಬೇಡಿ. ಇದಕ್ಕೆ ಒಂದು ಸೊಗಸಾದ ಉದಾಹರಣೆ ಬೆಂಗಳೂರಿನ ಅದೇ ಐಬಿಎಂ ಬಳಗದಿಂದಲೇ ಇದೆ. ಕರ್ನಲ್‌ನಲ್ಲಿ ಕೆಪ್ರೋಬ್ಸ್ ಎಂಬ ಸೌಲಭ್ಯವಿದೆ, ಓಡುತ್ತಿರುವ ಕರ್ನಲ್‌ನ ಬಹುತೇಕ ಯಾವುದೇ ಫಂಕ್ಷನ್ ಮೇಲೆ ಕಣ್ಣಿಡಲು. ಅದರ ಮೊದಲ ರೂಪ ಬರೆದ ವಂಶಿಕೃಷ್ಣ, ಆಮೇಲೆ ಬೆಳೆಸಿದ ಪ್ರಸನ್ನ ಪಂಚಮುಖಿ, ಸುಪರ್ಣಾ ಭಟ್ಟಾಚಾರ್ಯ, ಅನಂತ್ ಮಾವಿನಕಾಯನಹಳ್ಳಿ ಎಲ್ಲ ಐಬಿಎಂನ ಭಾರತ ತಂಡದವರು. ಅದರಲ್ಲೇ ಇನ್ನೊಂದು ವಿಧ ಫಂಕ್ಷನ್ ಮುಗಿದು ಹಿಂದಿರುಗುವ ಕ್ಷಣವನ್ನು ಹಿಡಿಯುತ್ತದೆ. ಅದಕ್ಕೆ ಹಿಂದಿರುಗಬೇಕಾದ ನಿಜವಾದ ವಿಳಾಸವನ್ನು ಎಲ್ಲಾದರೂ ಬಚ್ಚಿಡಬೇಕು. ಬಚ್ಚಿಟ್ಟಿದ್ದು ಒಂದು ಹ್ಯಾಶ್ ಟೇಬಲ್‌ನಲ್ಲಿ, 64 ಬಕೆಟ್, ಎಲ್ಲಕ್ಕೂ ಸೇರಿ ಒಂದೇ ಲಾಕ್. ಒಂದು ಸಲಕ್ಕೆ ಒಂದೇ ಪ್ರೋಬ್ ಕೆಲಸ ಮಾಡುತ್ತಿತ್ತು.

2008ರಲ್ಲಿ ಶ್ರೀನಿವಾಸ ಡಿ.ಎಸ್. ಅದನ್ನು ಒಡೆದರು. ಬಕೆಟ್‌ಗೊಂದು ಲಾಕ್, ಪ್ರತಿ ಪ್ರೋಬ್‌ನ ಖಾಲಿ ಪಟ್ಟಿಗೆ ಬೇರೆ ಲಾಕ್. ಡೆಡ್‌ಲಾಕ್ (ಇಬ್ಬರೂ ಒಬ್ಬರ ಲಾಕ್‌ಗೆ ಇನ್ನೊಬ್ಬರು ಕಾಯುತ್ತ ನಿಂತುಬಿಡುವುದು) ಆಗದಿರಲು ಒಂದು ನಿಯಮ: ಪ್ರೋಬ್‌ನ ಲಾಕ್ ಕೈಯಲ್ಲಿರುವಾಗ ಬಕೆಟ್ ಲಾಕ್ ಕೇಳಬಾರದು. 8 ಪ್ರೊಸೆಸರ್‌ಗಳ ಪವರ್‌ಪಿಸಿ ಯಂತ್ರದಲ್ಲಿ ಎಲ್ಲ ಸಿಸ್ಟಂ ಕಾಲ್‌ಗಳ ಮೇಲೂ ಪ್ರೋಬ್ ಇಟ್ಟು ಕರ್ನಲ್ ಕಂಪೈಲ್ ಮಾಡಿ ನೋಡಿದರು. ಕರ್ನಲ್ ಒಳಗೆ ಕಳೆದ ಸಮಯ ಮೊದಲು 3 ನಿಮಿಷ 17 ಸೆಕೆಂಡ್. ಲಾಕ್ ಒಡೆದ ಮೇಲೆ 2 ನಿಮಿಷ 58. ಲಾಕ್‌ಗಳನ್ನು ಬೇರೆ ಬೇರೆ ಕ್ಯಾಶ್ ಲೈನ್‌ಗಳಿಗೆ ಹಂಚಿದ ಮೇಲೆ 2 ನಿಮಿಷ 57. ಲಾಭದ ಬಹುಪಾಲು ಬಂದದ್ದು ಒಡೆದದ್ದರಿಂದ. ಲೈನ್ ಹಂಚಿಕೆಯಿಂದ ಬಂದದ್ದು ಸುಮಾರು ಒಂದು ಸೆಕೆಂಡ್ ಅಷ್ಟೇ. ನಿಮ್ಮ ಯಂತ್ರದಲ್ಲಿ ಇದು ತಲೆಕೆಳಗಾಗಿರಬಹುದು. ಅಳೆಯದೆ ಹೇಳಲು ಬಾರದು. ಪ್ರಾಜೆಕ್ಟ್ ವರದಿಯಲ್ಲಿ ಈ ಮೂರೂ ಹಂತದ ಅಂಕಿಗಳನ್ನು ಬೇರೆ ಬೇರೆ ಕೊಡಿ. ವೇಗ ಏರಲಿಲ್ಲ ಎಂಬುದನ್ನು ಕಾರಣದ ಸಮೇತ ಬರೆದ ವರದಿಯೇ ನನ್ನ ಪ್ರಕಾರ ಒಳ್ಳೆಯ ವರದಿ.

ಈ ಕಥೆಯ ಬಾಲವೊಂದು ಉಳಿದಿದೆ. 2020ರಲ್ಲಿ ಪೀಟರ್ ಜಿಲ್‌ಸ್ಟ್ರಾ ಆ ಹ್ಯಾಶ್ ಟೇಬಲ್ಲನ್ನೇ ತೆಗೆದುಹಾಕಿದರು. ಟೇಬಲ್‌ನಲ್ಲಿ ಹುಡುಕುತ್ತಿದ್ದದ್ದು "ಈಗ ಓಡುತ್ತಿರುವ ಟಾಸ್ಕ್‌ಗೆ ಸೇರಿದ್ದು ಯಾವುದು" ಎಂದು ತಾನೆ? ಹಾಗಿದ್ದ ಮೇಲೆ ಆ ಪಟ್ಟಿಯನ್ನು ಟಾಸ್ಕ್‌ನ ಜೇಬಿಗೇ ಹಾಕಿದರಾಯಿತು. ಟಾಸ್ಕ್ ತನ್ನದನ್ನು ತಾನೇ ನೋಡಿಕೊಳ್ಳುತ್ತದೆ, 64 ಲಾಕ್‌ಗಳೂ ಹೋದವು. ಲಾಕ್ ಒಡೆಯಲು ಕೂರುವ ಮುನ್ನ, ಈ ಡೇಟಾ ಎಲ್ಲರಿಗೂ ಸೇರಿದ್ದೇ ಎಂದು ಕೇಳಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಆಪ್ಟಿಮೈಸೇಶನ್.

ಪ್ರಶ್ನೆ: ಆರ್‌ಸಿಯು ಬಳಸಿದರೆ ಓದುವವರು ಲಾಕ್ ಹಿಡಿಯುವುದಿಲ್ಲ ಅನ್ನುತ್ತಾರೆ. ಹಾಗಾದರೆ ಓದುತ್ತ ಇರುವಾಗಲೇ ಆ ಎಂಟ್ರಿಯನ್ನು ಬೇರೆ ಬಕೆಟ್‌ಗೆ ಸಾಗಿಸಿಬಿಟ್ಟರೆ ಏನು ಗತಿ? ಪುಸ್ತಕಗಳಲ್ಲಿ ಅಳಿಸುವುದರ ಬಗ್ಗೆ ಮಾತ್ರ ಇದೆ.
ಓದುಗ, ಹೊಳೆನರಸೀಪುರ

ಉತ್ತರ: ಒಳ್ಳೆಯ ಜಾಗಕ್ಕೇ ಬೆರಳಿಟ್ಟಿದ್ದೀರಿ. ಅಳಿಸುವುದು ಸುಲಭದ್ದು. ಬಕೆಟ್‌ನ ಎಂಟ್ರಿಗಳನ್ನು ಒಂದಕ್ಕೊಂದು ಕೋದ ಸರಪಳಿಯಿಂದ ಆ ಎಂಟ್ರಿಯನ್ನು ಬಿಡಿಸಿ, ಆ ಕ್ಷಣಕ್ಕೆ ಓದುತ್ತಿದ್ದ ಎಲ್ಲರೂ ಮುಗಿಸುವವರೆಗೆ ಮೆಮೊರಿ ಬಿಡುಗಡೆ ಮಾಡದೆ ಕಾದರೆ ಆಯಿತು. ಬಿಡಿಸಿದ ಎಂಟ್ರಿಯ ಮುಂದಿನ ಪಾಯಿಂಟರ್ ಹಾಗೆಯೇ ಇರುವುದರಿಂದ ಅದರ ಮೇಲೆ ನಿಂತಿದ್ದ ಓದುಗ ದಾರಿ ತಪ್ಪುವುದಿಲ್ಲ.

ಸಾಗಿಸುವುದು ಬೇರೆ. ಫೈಲ್‌ನ ಹೆಸರು ಬದಲಾಯಿಸಿದಾಗ ಡಿ-ಕ್ಯಾಶ್‌ನಲ್ಲಿ ಆ ಎಂಟ್ರಿ ಒಂದು ಸರಪಳಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಅದರ ಮೇಲೆ ನಿಂತಿದ್ದ ಓದುಗ ಗೊತ್ತಿಲ್ಲದೆ ಹೊಸ ಸರಪಳಿಗೆ ಹೋಗಿಬಿಡುತ್ತಾನೆ. ಅಲ್ಲಿ ಕೊನೆ ಮುಟ್ಟಿ "ನಾನು ಹುಡುಕಿದ ಹೆಸರು ಇಲ್ಲ" ಎಂದು ವರದಿ ಕೊಡುತ್ತಾನೆ, ಹಳೆಯ ಸರಪಳಿಯಲ್ಲಿ ಅದು ಇದ್ದರೂ.

ಲಿನಕ್ಸ್ ಇದನ್ನು ಬಿಡಿಸಿದ ರೀತಿ ನನಗೆ ತುಂಬ ಇಷ್ಟ. ಹೆಸರು ಬದಲಾಯಿಸುವವರು ರಿನೇಮ್-ಲಾಕ್ ಎಂಬ ಸೀಕ್ವೆನ್ಸ್ ಲಾಕ್‌ನ ಎಣಿಕೆ ಏರಿಸುತ್ತಾರೆ. ಓದುವವನು ಹುಡುಕುವ ಮೊದಲು ಆ ಎಣಿಕೆ ನೋಡಿಕೊಳ್ಳುತ್ತಾನೆ. ಹೆಸರು ಸಿಕ್ಕಿತೋ, ಎಣಿಕೆ ಬದಲಾಗಿದೆಯೇ ಎಂದು ತಿರುಗಿಯೂ ನೋಡದೆ ಹೊರಡುತ್ತಾನೆ. ಸಿಗಲಿಲ್ಲವೋ, ಆಗ ಮಾತ್ರ ಎಣಿಕೆ ಮತ್ತೆ ನೋಡಿ, ಬದಲಾಗಿದ್ದರೆ ಮೊದಲಿನಿಂದ ಹುಡುಕುತ್ತಾನೆ. ಸಿಕ್ಕಿದ್ದನ್ನು ಅನುಮಾನಿಸಬೇಕಿಲ್ಲ, ಏಕೆಂದರೆ ಎಂಟ್ರಿಯ ಸ್ವಂತ ಲಾಕ್ ಹಿಡಿದು ಅದರ ತಂದೆ ಫೋಲ್ಡರ್ ಮತ್ತು ಹೆಸರನ್ನು ಅಲ್ಲೇ ತಾಳೆ ನೋಡಿರುತ್ತಾನೆ. ಅನುಮಾನವೆಲ್ಲ "ಇಲ್ಲ" ಎಂಬ ಉತ್ತರದ ಮೇಲೆ. ಇಷ್ಟು ಸಣ್ಣ ವಿವೇಚನೆಯಿಂದ ಬಹುಪಾಲು ಓದುಗರಿಗೆ ಮರುಪರೀಕ್ಷೆಯ ಖರ್ಚೇ ಇಲ್ಲವಾಯಿತು.

ಟೇಬಲ್ ದೊಡ್ಡದು ಮಾಡುವಾಗಲೂ ಇದೇ ಪೇಚು. 2014ರಲ್ಲಿ ಥಾಮಸ್ ಗ್ರಾಫ್ 3.17ನೇ ಆವೃತ್ತಿಗೆ ತಂದ ಆರ್-ಹ್ಯಾಶ್‌ಟೇಬಲ್ ಓದುವವರನ್ನು ತಡೆಯದೆ ಬೆಳೆಯುತ್ತದೆ. ಅದರ ಈಗಿನ ರೂಪದಲ್ಲಿ ಹಳೆಯ ಸರಪಳಿಯ ಕೊನೆಯ ಎಂಟ್ರಿಯನ್ನು ಮೊದಲು ಎತ್ತಿ ಹೊಸ ಟೇಬಲ್‌ಗೆ ಸೇರಿಸುತ್ತಾರೆ. ಕೊನೆಯದ್ದೇ ಏಕೆ? ಅದರ ಮೇಲೆ ನಿಂತಿದ್ದ ಓದುಗ ಹೊಸ ಸರಪಳಿಗೆ ಹೋದರೂ ಹಳೆಯದರಲ್ಲಿ ಅವನು ನೋಡದೆ ಬಿಟ್ಟದ್ದು ಯಾವುದೂ ಉಳಿದಿರುವುದಿಲ್ಲ. ಹೆಚ್ಚುವರಿಯಾಗಿ ನಾಲ್ಕು ಎಂಟ್ರಿ ನೋಡಿಯಾನು, ನಷ್ಟವಿಲ್ಲ.

ಪ್ರಶ್ನೆ: ಒಂದು ಬಕೆಟ್‌ನಿಂದ ಇನ್ನೊಂದಕ್ಕೆ ಎಂಟ್ರಿ ಸಾಗಿಸುವಾಗ ಎರಡೂ ಲಾಕ್ ಹಿಡಿಯುತ್ತೇನೆ. ದಿನಕ್ಕೊಮ್ಮೆ ಪ್ರೋಗ್ರಾಮ್ ಗಟ್ಟಿಯಾಗಿ ನಿಂತುಬಿಡುತ್ತದೆ.
ಎಂಬೆಡೆಡ್ ಇಂಜಿನಿಯರ್, ಅರಕಲಗೂಡು

ಉತ್ತರ: ಒಂದು ಥ್ರೆಡ್ ಮೂರನೇ ಬಕೆಟ್ ಹಿಡಿದು ಒಂಬತ್ತಕ್ಕೆ ಕಾಯುತ್ತಿದೆ, ಇನ್ನೊಂದು ಒಂಬತ್ತನ್ನು ಹಿಡಿದು ಮೂರಕ್ಕೆ. ಯಾವಾಗಲೂ ಚಿಕ್ಕ ನಂಬರಿನ ಬಕೆಟ್ ಮೊದಲು ಹಿಡಿಯಿರಿ. ಎರಡೂ ಒಂದೇ ಬಕೆಟ್ ಆಗಿಬಿಟ್ಟರೆ ಲಾಕ್ ಒಂದೇ ಸಲ ಹಿಡಿಯಬೇಕು. ಇದನ್ನು ಮರೆತವರ ಪ್ರೋಗ್ರಾಮ್ ತನ್ನ ಲಾಕ್‌ಗೆ ತಾನೇ ಕಾಯುತ್ತ ಕೂರುತ್ತದೆ, ದಿನಕ್ಕೊಮ್ಮೆ ನಿಲ್ಲುವುದು ಇದರಿಂದಲೂ ಇರಬಹುದು. ಕರ್ನಲ್‌ನಲ್ಲೇ ಕೆಲಸ ಮಾಡುತ್ತಿದ್ದರೆ ಲಾಕ್‌ಡೆಪ್ ಆನ್ ಮಾಡಿ. ಇಂಗೊ ಮೋಲ್ನಾರ್ 2006ರಲ್ಲಿ 2.6.18ಕ್ಕೆ ತಂದ ಈ ಸಾಧನ ಡೆಡ್‌ಲಾಕ್ ಆಗುವವರೆಗೆ ಕಾಯುವುದಿಲ್ಲ, ಎರಡು ಲಾಕ್‌ಗಳನ್ನು ಒಮ್ಮೆ ಹೀಗೆ ಒಮ್ಮೆ ಹಾಗೆ ಹಿಡಿದದ್ದು ಕಂಡ ಕೂಡಲೇ ದೂರುತ್ತದೆ. ಬಕೆಟ್ ಲಾಕ್‌ಗಳೆಲ್ಲ ಅದರ ಕಣ್ಣಿಗೆ ಒಂದೇ ಜಾತಿ. ಒಂದರ ಒಳಗೆ ಇನ್ನೊಂದು ಹಿಡಿದರೂ ಅದು ಗಲಾಟೆ ಮಾಡುತ್ತದೆ, ಅದು ಬೇಕೆಂದೇ ಮಾಡಿದ್ದು ಎಂದು ನೀವು ತಿಳಿಸಬೇಕಾಗುತ್ತದೆ. ತಿಳಿಸುವ ಮೊದಲು ಕ್ರಮ ನಿಜವಾಗಿ ಸರಿಯಿದೆಯೇ ಎಂದು ನೋಡಿ, ಬಾಯಿ ಮುಚ್ಚಿಸುವುದಕ್ಕಾಗಿ ಮಾತ್ರ ಹಾಕಬೇಡಿ.

ಪ್ರಶ್ನೆ: ಪಾಯಿಂಟರ್‌ನ ಒಂದು ಬಿಟ್‌ನಲ್ಲೇ ಲಾಕ್ ಇಡುತ್ತಾರಂತೆ. ಇದು ಬುದ್ಧಿವಂತಿಕೆಯೋ, ಅತಿಬುದ್ಧಿವಂತಿಕೆಯೋ?
ಅದೇ ಅರಕಲಗೂಡಿನ ಗೆಳೆಯರು

ಉತ್ತರ: ಆರ್-ಹ್ಯಾಶ್‌ಟೇಬಲ್ ಮಟ್ಟಿಗೆ ಬುದ್ಧಿವಂತಿಕೆ. ಎಂಟ್ರಿಗಳ ಮೆಮೊರಿ ವಿಳಾಸಗಳು ಸಾಮಾನ್ಯವಾಗಿ 4 ಅಥವಾ 8ರ ಗುಣಕಗಳಾಗಿರುವುದರಿಂದ ಪಾಯಿಂಟರ್‌ನ ಕೊನೆಯ ಬಿಟ್ ಯಾವಾಗಲೂ ಸೊನ್ನೆ, ಖಾಲಿ ಬಿದ್ದಿರುತ್ತದೆ. ಮೊದಲು ಲಾಕ್‌ಗಳಿಗೆಂದೇ ಬೇರೆ ಅರೇ ಇತ್ತು, ಅದಕ್ಕೆ ಬೇರೆ ಮೆಮೊರಿ, ಅದು ಎಷ್ಟು ದೊಡ್ಡದಿರಬೇಕೆಂದು ಹೇಳಲು ಬೇರೆ ಸೆಟ್ಟಿಂಗ್. 2019ರಲ್ಲಿ ಬಂದ 5.2ರಲ್ಲಿ ನೀಲ್ ಬ್ರೌನ್ ಅದನ್ನು ಬಿಸುಟು ಬಕೆಟ್‌ನ ಪಾಯಿಂಟರ್‌ಗೇ ಲಾಕ್ ಸೇರಿಸಿದರು. ಹೇಗೂ ಓದಲೇಬೇಕಾದ ಕ್ಯಾಶ್ ಲೈನ್ ಅದು, ಲಾಕ್‌ಗಾಗಿ ಬೇರೆ ಲೈನ್ ಮುಟ್ಟಬೇಕಿಲ್ಲ. ಸರಪಳಿಯ ತಲೆಗೆ ಹೊಸ ಎಂಟ್ರಿ ಸೇರಿಸಿದಾಗ ಹೊಸ ವಿಳಾಸ ಬರೆಯುತ್ತಲೇ ಆ ಬಿಟ್ ಸೊನ್ನೆಯಾಗಿ ಲಾಕ್ ತಾನಾಗಿ ಬಿಡುತ್ತದೆ.

ಎರಡು ನಷ್ಟಗಳಿವೆ. ಬಿಟ್ ಲಾಕ್‌ಗೆ ಸರದಿ ಗೊತ್ತಿಲ್ಲ, ಮೊದಲು ಬಂದವನು ಕೊನೆಯವರೆಗೂ ಕಾಯುತ್ತಿರಬಹುದು. ಬಕೆಟ್‌ಗಳು ಸಾಕಷ್ಟಿದ್ದು ಒಂದರ ಮೇಲೆ ನೂಕುನುಗ್ಗಲಿಲ್ಲದಿದ್ದರೆ ಇದು ಕಾಡುವುದಿಲ್ಲ. ಎರಡನೆಯದು, ಲಾಕ್‌ಡೆಪ್‌ಗೆ ಬಿಟ್ ಲಾಕ್ ಕಾಣುವುದಿಲ್ಲ. ಬ್ರೌನ್ ಅದಕ್ಕಾಗಿ ಬೇರೊಂದು ಪ್ಯಾಚ್‌ನಲ್ಲಿ ಲಾಕ್‌ಡೆಪ್‌ಗೆ ಲೆಕ್ಕ ಒಪ್ಪಿಸುವ ಏರ್ಪಾಡು ಮಾಡಿದರು, ಪಾಯಿಂಟರ್ ಮತ್ತು ಲಾಕ್ ಬಿಟ್ ಸೇರಿದ್ದಕ್ಕೆ ಬೇರೆಯದೇ ಟೈಪ್ ಕೊಟ್ಟರು, ಮರೆತು ನೇರ ಬಳಸಿದರೆ ಕಂಪೈಲರ್ ಹಿಡಿಯಲಿ ಎಂದು. ಈ ಎರಡನ್ನೂ ಮಾಡುವ ತಾಳ್ಮೆ ಇಲ್ಲದವರಿಗೆ ಬಿಟ್ ಲಾಕ್ ಸಲ್ಲದು.

ಪ್ರಶ್ನೆ: ನಮ್ಮೂರಿನ ಹಾಲಿನ ಸೊಸೈಟಿಗೆ ಲೆಕ್ಕದ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಬೆಳಿಗ್ಗೆ, ಸಂಜೆ ಹಾಲು ಅಳೆಯುವಾಗ ಇಬ್ಬರು ಎಂಟ್ರಿ ಮಾಡುತ್ತಾರೆ. ಬಕೆಟ್‌ಗೊಂದು ಲಾಕ್ ಬೇಕೇ, ಆರ್‌ಸಿಯು ಬೇಕೇ?
ನುಗ್ಗೇಹಳ್ಳಿ ಹತ್ತಿರದ ಓದುಗ

ಉತ್ತರ: ಎರಡೂ ಬೇಡ. ಒಂದು ಲಾಕ್ ಸಾಕು, ಡೇಟಾಬೇಸ್ ಬಳಸುತ್ತಿದ್ದರೆ ಅದೂ ನಿಮ್ಮ ತಲೆನೋವಲ್ಲ.

ಪ್ರಶ್ನೆ: ಮನೆಯಿಂದಲೇ ಕೆಲಸ ಮಾಡುವ ಕರ್ನಲ್ ಡೆವಲಪರ್ ನಾನು. ಒಂದು ದೊಡ್ಡ ಲಾಕ್ ಒಡೆದು ಒಂದೇ ಪ್ಯಾಚ್ ಕಳಿಸಿದೆ, ಟೆಸ್ಟ್ ಎಲ್ಲ ಪಾಸ್. ಸಣ್ಣ ಸಣ್ಣದಾಗಿ ಒಡೆದು ಕಳಿಸಿ ಎಂದು ವಾಪಸ್ ಹಾಕಿದ್ದಾರೆ. ಇದು ಬರೀ ಕಿರುಕುಳ ಅನಿಸುತ್ತದೆ.
ಓದುಗ, ಚನ್ನರಾಯಪಟ್ಟಣ

ಉತ್ತರ: ಕಿರುಕುಳವಲ್ಲ, ವಾಪಸ್ ಹಾಕಿದವರ ಪರವೇ ನನ್ನ ಮತ. ಲಾಕ್‌ನ ತಪ್ಪು ನಿಮ್ಮ ಟೆಸ್ಟ್‌ನಲ್ಲಿ ಸಿಗದೆ ಎಂಟು ತಿಂಗಳ ನಂತರ ಯಾರದೋ ಸರ್ವರ್‌ನಲ್ಲಿ ಸಿಗುತ್ತದೆ. ಆಗ ಅವರು ಗಿಟ್ ಬೈಸೆಕ್ಟ್ ಹಚ್ಚಿ ತಪ್ಪು ಎಲ್ಲಿ ಬಂತು ಎಂದು ಹುಡುಕುತ್ತಾರೆ. ಬೊಟ್ಟು ನಿಮ್ಮ ಪ್ಯಾಚ್‌ಗೆ ಬರುತ್ತದೆ. ಅದು ಹತ್ತು ಸಾಲಿನದ್ದಾಗಿದ್ದರೆ ಮಧ್ಯಾಹ್ನದೊಳಗೆ ಸರಿಯಾದೀತು. ಸಾವಿರ ಸಾಲಿನದ್ದಾಗಿದ್ದರೆ ಪೂರ್ತಿ ಹಿಂದಕ್ಕೆ ತೆಗೆಯುತ್ತಾರೆ, ನಿಮ್ಮ ಕೆಲಸವೆಲ್ಲ ಅದರ ಜತೆ ಹೋಗುತ್ತದೆ.

ಒಡೆಯುವ ಕ್ರಮಕ್ಕೆ ನಿಕ್ ಪಿಗ್ಗಿನ್ ಅವರ ಡಿ-ಕ್ಯಾಶ್ ಸರಣಿಯನ್ನು ಕೂತು ಓದಿ. ಅವರು ಡಿಕ್ಯಾಶ್-ಲಾಕ್ ಅನ್ನು ಮೊದಲು ಮುಟ್ಟಲೇ ಇಲ್ಲ. ಅದು ಕಾಯುತ್ತಿದ್ದದ್ದು ಏನೇನು ಎಂದು ಪಟ್ಟಿ ಮಾಡಿದಂತೆ, ಹ್ಯಾಶ್ ಸರಪಳಿಗೆ ಒಂದು ಲಾಕ್, ಹಳೆಯ ಎಂಟ್ರಿಗಳ ಎಲ್‌ಆರ್‌ಯು ಪಟ್ಟಿಗೆ ಇನ್ನೊಂದು, ಒಳಗಿನ ಫೋಲ್ಡರ್‌ಗಳ ಪಟ್ಟಿಗೆ ಎಂಟ್ರಿಯ ಸ್ವಂತ ಲಾಕ್ ಎಂದು ಒಂದೊಂದೇ ಪ್ಯಾಚ್‌ನಲ್ಲಿ ಬೇರೆ ಲಾಕ್ ಸೇರಿಸುತ್ತ ಹೋದರು, ಹಳೆಯದು ಹೊರಗೆ ಹಿಡಿದಿರುವಾಗಲೇ. ಹೊಸ ಲಾಕ್‌ಗಳ ಕ್ರಮದಲ್ಲಿ ತಪ್ಪಿದ್ದರೆ ಲಾಕ್‌ಡೆಪ್ ಆಗಲೇ ದೂರುತ್ತದೆ, ಡೇಟಾ ಮಾತ್ರ ಹಳೆಯ ಲಾಕ್‌ನ ಆಸರೆಯಲ್ಲಿ ಕ್ಷೇಮ. ಎಲ್ಲವೂ ಹೊಸ ಲಾಕ್‌ಗಳ ಕೆಳಗೆ ಬಂದ ಮೇಲೆ, ಹಳೆಯದಕ್ಕೆ ಮಾಡಲು ಕೆಲಸವೇ ಉಳಿಯದಾಗ, ಅದನ್ನು ತೆಗೆಯುವ ಪ್ಯಾಚ್ ಬಂತು.

ನೀಲ್ ಬ್ರೌನ್ ಅವರ ಬಿಟ್ ಲಾಕ್ ಸರಣಿಯಲ್ಲೂ ಮೊದಲು ನೆಲ ಹದ ಮಾಡುವ ಪ್ಯಾಚ್‌ಗಳು, ಆಮೇಲೆ ಮುಖ್ಯ ಬದಲಾವಣೆ, ಕೊನೆಗೆ ಲಾಕ್‌ಡೆಪ್ ಜೋಡಣೆ. ನಿಮ್ಮದನ್ನೂ ಹೀಗೆ ಬಿಡಿಸಿ: ಲಾಕ್ ಹಿಡಿಯುವ, ಬಿಡುವ ಸಾಲುಗಳನ್ನೆಲ್ಲ ಎರಡು ಸಣ್ಣ ಫಂಕ್ಷನ್‌ಗಳೊಳಗೆ ತನ್ನಿ, ನಡವಳಿಕೆ ಎಳ್ಳಷ್ಟೂ ಬದಲಾಗಕೂಡದು. ಅದೊಂದು ಪ್ಯಾಚ್. ಬಳಿಕ ಆ ಫಂಕ್ಷನ್‌ಗಳ ಒಳಗೆ ಕೈಹಾಕಿ. ಪ್ರತಿ ಪ್ಯಾಚ್ ಆದ ಮೇಲೂ ಕರ್ನಲ್ ಕಂಪೈಲ್ ಆಗಬೇಕು, ಬೂಟ್ ಆಗಬೇಕು.

ಇನ್ನೊಂದು ಮಾತು, ನೀವು ಕೇಳಿಲ್ಲದಿದ್ದರೂ. ಪ್ರತಿ ಲಾಕ್ ಘೋಷಿಸುವ ಸಾಲಿನ ಮೇಲೆ ಅದು ಯಾವ ಯಾವ ಫೀಲ್ಡ್‌ಗಳನ್ನು ಕಾಯುತ್ತದೆ ಎಂದು ಕಾಮೆಂಟ್ ಬರೆಯಿರಿ. ಡಿ-ಕ್ಯಾಶ್‌ನ ಕೋಡ್ ಫೈಲ್ ತೆರೆದರೆ ತಲೆಯಲ್ಲೇ ಆ ಪಟ್ಟಿ ಕಾಣುತ್ತದೆ, ಯಾವ ಲಾಕ್ ಯಾವುದರ ಒಳಗೆ ಎಂಬ ಕ್ರಮದ ಸಮೇತ. ಪಟ್ಟಿ ಬರೆಯಲು ಬರದಿದ್ದರೆ ಲಾಕ್ ಒಡೆಯುವ ಹೊತ್ತು ಇನ್ನೂ ಬಂದಿಲ್ಲ ಎಂದೇ ನನ್ನ ತೀರ್ಪು. ಲಾಕ್ ಇಲ್ಲದೆ ಹಂಚಿಕೊಂಡ ಡೇಟಾ ಮುಟ್ಟುವ ಜಾಗಗಳನ್ನು ಹಿಡಿಯಲು 2020ರ 5.8ನೇ ಆವೃತ್ತಿಯಿಂದ ಕೆಸಿಸ್ಯಾನ್ ಎಂಬ ಸಾಧನ ಇದೆ. ಕಳಿಸುವ ಮುನ್ನ ಒಂದು ರಾತ್ರಿ ಅದನ್ನು ಓಡಲು ಬಿಡಿ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವನು. ಈ ಕೆಲಸ ಕಲಿಯಲು ಎಲ್ಲಿಂದ ಶುರು ಮಾಡಲಿ?
ಡಿಪ್ಲೊಮಾ ವಿದ್ಯಾರ್ಥಿ, ಹೊಳೆನರಸೀಪುರ

ಉತ್ತರ: ಸಿ ಭಾಷೆ ಗಟ್ಟಿ ಮಾಡಿಕೊಳ್ಳಿ, ಪಾಯಿಂಟರ್ ಅಂದರೆ ಹೆದರಿಕೆ ಹೋಗುವವರೆಗೆ. ಆಮೇಲೆ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್ ಮೆಷಿನ್ ಹಾಕಿ ಕರ್ನಲ್ ಕಂಪೈಲ್ ಮಾಡಿ ನೋಡಿ. ಆರ್-ಹ್ಯಾಶ್‌ಟೇಬಲ್‌ನ ಕೋಡ್ ಲಿಬ್ ಫೋಲ್ಡರ್‌ನಲ್ಲಿದೆ, ಅದರ ಪಕ್ಕದಲ್ಲೇ ಅದರ ಟೆಸ್ಟ್ ಕೋಡ್ ಕೂಡ. ಟೆಸ್ಟ್ ಮೊದಲು ಓದಿ. ಪಾಲ್ ಮೆಕೆನ್ನಿ ಸಮಾನಾಂತರ ಪ್ರೋಗ್ರಾಮಿಂಗ್ ಬಗ್ಗೆ ಬರೆದ ದೊಡ್ಡ ಪುಸ್ತಕ ಉಚಿತವಾಗಿ ಸಿಗುತ್ತದೆ, ಹ್ಯಾಶ್ ಟೇಬಲ್‌ಗಳ ಚರ್ಚೆಯೂ ಅದರಲ್ಲಿದೆ. ಇಂಗ್ಲಿಷ್ ಸರಳವಾಗಿದೆ, ದಿನಕ್ಕೆ ಎರಡು ಪುಟವಾದರೂ ಸರಿ. ಅರ್ಥವಾಗದ ಭಾಗ ಬರೆದು ಕಳಿಸಿ, ಕನ್ನಡದಲ್ಲೇ ಬಿಡಿಸೋಣ.

ಪತ್ರದ ಜತೆ ಕೋಡ್ ಕಳಿಸುವವರಿಗೆ ಒಂದು ವಿನಂತಿ: ಸ್ಕ್ರೀನ್‌ನ ಫೋಟೊ ತೆಗೆದು ಕಳಿಸಬೇಡಿ, ಪಠ್ಯವಾಗಿಯೇ ಕಳಿಸಿ. ಎಷ್ಟು ಕೋರ್‌ಗಳ ಯಂತ್ರ, ಎಷ್ಟು ಥ್ರೆಡ್ ಓಡಿಸಿದಿರಿ ಎಂಬುದನ್ನೂ ಬರೆಯಿರಿ.